ಹಿಂಡಿಯಲ್ಲಿ ಉಳಿದ ಎಣ್ಣೆ

ನಮ್ಮ ಸೋದರಮಾವ ನೇರವಾದ ಬೀದಿಯಲ್ಲೂ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಹಿರಿಯೂರಿನಲ್ಲಿ ಅವರದು ಎಣ್ಣೆಯ ಗಾಣ. ಗಾಣದವರು ತೊಲೆಯ ಮೇಲೆ ಕುಳಿತು ಎತ್ತು ಹೊಡೆಯುವುದು ವಾಡಿಕೆ. ಮಾವನಿಗೆ ಕೂರುವುದೇ ಆಗದು. ತಮ್ಮ ಬದಲು ಭಾರಕ್ಕೆಂದು ತೊಲೆಯ ಮೇಲೆ ಕಲ್ಲು ಹೇರಿ, ಎತ್ತಿನ ಹಿಂದೆ ತಾವೂ ಸುತ್ತುವರು.

ನಾನಾಗ ಅಲ್ಲಿನ ಶಾಲೆಯಲ್ಲಿ ಉಪಾಧ್ಯಾಯ. ಊಟ ಮಾವನ ಮನೆಯಲ್ಲಿ. ಹೊತ್ತಿಗೆ ಸರಿಯಾಗಿ, ಸದ್ದಿಲ್ಲದೆ ಉಣ್ಣುವವನು ನಾನು. ಅವರೋ ಮುದ್ದೆ ಮುಗಿಯುವ ಮುನ್ನ ಎದ್ದು ಹೋಗಿ ಗಾಣ ನೋಡಿ ಬರುವರು.

"ಒಂದು ಗಳಿಗೆ ಕುಂತ್ಕಳ್ರಿ. ಸುತ್ತಾಕೆ ಎತ್ತು ಐತಲ್ಲ," ಎನ್ನುವರು ಅತ್ತೆ.

ಚಿತ್ರದುರ್ಗದಲ್ಲಿ ಉಗಿಯಂತ್ರದ ಎಣ್ಣೆ ಅಗ್ಗಕ್ಕೆ ಸಿಗತೊಡಗಿತು. ಮಾವನ ಗಿರಾಕಿಗಳು ಅತ್ತ ಸರಿದರು. ಯಂತ್ರದವರ ದಲ್ಲಾಳಿಯೊಬ್ಬ ಗಾಣಕ್ಕೆ ಬಂದು, ಹಿಂಡಿಯನ್ನು ಬೆರಳಲ್ಲಿ ಉಜ್ಜಿ, "ಎಣ್ಣೆ ಇದ್ರಾಗೇ ಬಿಟ್ಟೀರಲ್ರಿ ಯಜಮಾನ್ರೆ. ಕಣ್ಣಿಗೆ ಕಾಣಲ್ವ?" ಎಂದು ನಕ್ಕ.

ಆ ನಗು ನಾಟಿತು. ಗಾಣ ನಿಂತರೆ ಮಾವನಿಗೆ ಬೇರೆ ಬದುಕಿರಲಿಲ್ಲ. ಕಲ್ಲಿನ ಮೇಲೆ ಕಲ್ಲು ಹೇರಿದರು. ಎತ್ತು ಏದುಸಿರು ಬಿಟ್ಟಿತು, ಎಣ್ಣೆ ಹೆಚ್ಚಿತು, ಹಿಂಡಿ ಹೆಂಚಿನಂತಾಯಿತು. "ನಮ್ಮಪ್ಪನ ಕಾಲದಿಂದ ಇಷ್ಟು ದಂಡ ಆಗೈತೆ ನೋಡಲೇ," ಎಂದು ತಪ್ಪಲೆಯನ್ನು ನನ್ನ ಮುಂದೆ ಹಿಡಿದರು.

ಸಂತೆಯ ದಿನ ಧರ್ಮಪುರದ ಕಡೆಯಿಂದ ಎಮ್ಮೆ ಸಾಕಿದ ಹೆಂಗಸೊಬ್ಬಳು ಎಂದಿನಂತೆ ಹಿಂಡಿಗೆ ಬಂದಳು. ಚೂರು ಮುರಿದು ಉಜ್ಜಿ, ಬೆರಳು ನೋಡಿಕೊಂಡಳು.

"ಏನಪ್ಪ, ಇದನ್ನ ಎಮ್ಮೆಗೆ ಇಕ್ಕಲೋ, ಗೋಡೆಗೆ ಇಕ್ಕಲೋ?"

"ಹಿಂಡಿ ಅಂದ್ಮೇಲೆ ಹಿಂಡ್ಬೇಕಲ್ಲವ್ವ."

"ಜೀವ ಹೋಗಂಗೆ ಹಿಂಡೀಯ. ಯಂತ್ರದ್ದೂ ಹಿಂಗೇ ಐತೆ, ಅದಕ್ಕೇ ನಿನ್ತಾವ ಬರ್ತಿದ್ದೆ. ಇದನ್ನ ತಿಂದ್ರೆ ಹಾಲಿಗೆ ಬೆಣ್ಣೆ ಎಲ್ಲಿಂದ ಬರ್ಬೇಕು?"

ಬರಿಗೈಯಲ್ಲಿ ಹೊರಟುಹೋದಳು.

ಮಾವ ಅಂದು ಸಂಜೆಯತನಕ ಜಗುಲಿ ಬಿಟ್ಟು ಏಳಲಿಲ್ಲ. ಮರುದಿನ ಹೊಸದಾಗಿ ಹೇರಿದ ಕಲ್ಲುಗಳನ್ನು ಇಳಿಸುತ್ತ, "ದಂಡ ಅಲ್ಲಪ್ಪ ಅದು," ಎಂದರು. "ಅಪ್ಪ ಅದನ್ನೇ ಮಾರ್ತಿದ್ದ."

ಎಣ್ಣೆಯ ಗಿರಾಕಿಗಳು ಹಿಂತಿರುಗಲಿಲ್ಲ. ಹಿಂಡಿಯ ಗಿರಾಕಿಗಳು ಗಾಣವನ್ನು ಉಳಿಸಿದರು. ನೆಮ್ಮದಿ ಮಾತ್ರ ಮಾವನಿಗೆ ಬರಲಿಲ್ಲ. ದಲ್ಲಾಳಿಯ ನಗು ನೆನಪಾದಾಗ ಒಂದು ಕಲ್ಲು ಏರಿಸುವರು, ಹಿಂಡಿ ಉಜ್ಜಿ ನೋಡುವರು, ಇಳಿಸುವರು. ಇಂದಿಗೂ ನಾನು ಮನೆಯಲ್ಲಿ ಯಾವುದನ್ನಾದರೂ ದಂಡವೆಂದು ನಿಲ್ಲಿಸಹೊರಟರೆ ಆ ಕಲ್ಲುಗಳು ನೆನಪಾಗಿ ಕೈ ತಡೆಯುತ್ತದೆ.

ಮಾವ ತೀರಿಕೊಂಡ ಮೇಲಿನ ಸಂತೆಗೂ ಆ ಎಮ್ಮೆಯ ಹೆಂಗಸು ಬಂದಳು. ಅತ್ತೆ, ಮಾವ ಕೊನೆಯದಾಗಿ ಆಡಿಸಿದ ಗಾಣದ ಹಿಂಡಿಯನ್ನು ತಂದಿಟ್ಟರು. ಅವಳು ಚೂರು ಮುರಿದು ಉಜ್ಜಿ, ಬೆರಳಿಗೆ ಅಂಟಿದ ಎಣ್ಣೆಯನ್ನು ತಲೆಗೆ ಸವರಿಕೊಂಡು, ಗಂಟು ಕಟ್ಟಿದಳು.