ಚಿಕ್ಕಮಾದಿಯ ದನಿಗೊಂದು ಬಾಡಿಗೆ ಜಾಗ

ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಸೆಂಟರಿನಲ್ಲಿ ಕಾವ್ಯಾ ಟೈಪಿಂಗ್ ಮಾಡುತ್ತಿದ್ದಳು. ಕಾಡಂಚಿನ ಗಿರಿಜನರ ಹಾಡಿಯ ಹುಡುಗಿ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಬಿಡುವಾದಾಗೆಲ್ಲ ಅವಳು ತನ್ನ ಅಜ್ಜಿ ಚಿಕ್ಕಮಾದಿಯ ಹಾಡುಗಳಿಗೊಂದು ವೆಬ್‌ಸೈಟ್ ಕಟ್ಟುತ್ತಿದ್ದಳು. ಗಂಡಸರು ಜೇನಿಗೆ ಮರ ಹತ್ತಿದಾಗ, ಮಗು ಅತ್ತಾಗ, ಸುಮ್ಮನೆ ಬೇಜಾರಾದಾಗ ಮುದುಕಿ ಹಾಡಿದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಳು.

ಅಷ್ಟೂ ಹಾಡು ಇಡಲು ಸರ್ವರ್ ಬೇಕಿತ್ತು, ಅಂದರೆ ದೂರದೇಶದ ಯಾವುದೋ ಕಂಪ್ಯೂಟರಿನಲ್ಲಿ ಒಂದು ಪಾಲು ಬಾಡಿಗೆಗೆ. ಅದು ೨೦೦೮. ಎರಡು ಕಂಪನಿಗಳು ಅವಳ ಕಣ್ಣಿಗೆ ಬಿದ್ದಿದ್ದವು. ಒಂದು ಬಲು ಅಗ್ಗ, ಗುಂಡಿ ಒತ್ತಿದರೆ ಎಲ್ಲ ತಾನೇ ಆಗುತ್ತದೆ. ಇನ್ನೊಂದು ದುಬಾರಿ, ಪ್ರೋಗ್ರಾಂ ಬರೆಯುವವರಿಗೆಂದೇ ಮಾಡಿದ್ದು. ಕರಿ ಪರದೆಯೊಂದನ್ನು ಕೊಟ್ಟು, ಮಿಕ್ಕಿದ್ದು ನೀವೇ ಟೈಪ್ ಮಾಡಿಕೊಳ್ಳಿ ಅನ್ನುತ್ತದೆ. ಆದರೆ ದಿನಾ ಒಂದು ನಕಲು ಬೇರೆ ಕಡೆ ತೆಗೆದಿಡುತ್ತದೆ. ಕಾವ್ಯಾಗೆ ಎರಡನೆಯದೇ ಬೇಕಿತ್ತು. ಅದರ ಪಾಠಗಳನ್ನು ನನ್ನ ರದ್ದಿ ಹಾಳೆಗಳ ಹಿಂಬದಿಗೆ ಪ್ರಿಂಟ್ ಹಾಕಿಕೊಂಡು ಓದುತ್ತಿದ್ದಳು.

“ಅದು ಇಂಜಿನಿಯರ್‌ಗಳಿಗೆ ಕಣಮ್ಮ. ನಿಂಗ್ಯಾಕೆ ಆ ತಲೆನೋವು?” ಎಂದ ಸೆಂಟರಿನ ಮಾಲೀಕ ಉಮಾಶಂಕರ.

“ಕಲ್ತ್ಕೋತೀನಿ ಸಾರ್.”

“ಕಲ್ತಾಗ ನೋಡಣ ಬುಡು.”

ಹಣ ಅವಳ ಸಂಬಳದ್ದು. ಆದರೆ ವಿದೇಶಕ್ಕೆ ಕಟ್ಟುವ ಕಾರ್ಡಿದ್ದದ್ದು ಅವನಲ್ಲಿ, ಹಾಗಾಗಿ ಅವನ ಮಾತೇ ನಡೆದು, ಹಾಡುಗಳೆಲ್ಲ ಅಗ್ಗದ ಸರ್ವರಿಗೇ ಹೋದವು. ಅಗ್ಗ ಅಂತ ಮುಗ್ಗಿದ ಜೋಳ ಕೊಂಡರಂತೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಷಾಢದಲ್ಲಿ ಚಿಕ್ಕಮಾದಿ ತೀರಿಕೊಂಡಳು. ಸತ್ತವರ ವಸ್ತುಗಳು ಅವರ ಜೊತೆಗೇ ಮಣ್ಣಿಗೆ ಹೋಗಬೇಕು, ಅದು ಆ ಮನೆಯ ರೂಢಿ. ತಾತ ಜೋಗಯ್ಯ ಅವಳ ಎಲೆಅಡಿಕೆ ಚೀಲ, ಗೆಡ್ಡೆ ಅಗೆಯುವ ಕೋಲು, ಬಳೆಗಳನ್ನು ಗುಂಡಿಯಲ್ಲಿಟ್ಟು ಮೊಮ್ಮಗಳತ್ತ ಕೈಚಾಚಿದ.

“ಅವ್ಳ ದನೀನೂ ಅವ್ಳ್ದೇ ಕಣವ್ವ. ಕೊಡು.”

ಕಾವ್ಯಾ ಕ್ಯಾಸೆಟ್ಟುಗಳನ್ನೂ ಕೊಟ್ಟಳು. ಸರ್ವರಿನಲ್ಲಿದೆಯಲ್ಲ ಎಂಬ ಧೈರ್ಯ. ಸೆಂಟರಿನ ಕಂಪ್ಯೂಟರನ್ನು ವೈರಸ್ ಬಂತೆಂದು ಆಗಲೇ ಒರೆಸಿ ಹಾಕಿದ್ದರು, ಅದರಲ್ಲಿದ್ದ ಹಾಡುಗಳ ನಕಲೂ ಹೋಗಿತ್ತು.

ಆಮೇಲೆ ಪ್ರತಿ ಸಂತೆಗೂ ಜೋಗಯ್ಯ ಸೆಂಟರಿಗೆ ಬರತೊಡಗಿದ. ಹೆಡ್‌ಫೋನ್ ಹಾಕಿಸಿಕೊಂಡು, ಕಣ್ಣು ಮುಚ್ಚಿ ಹೆಂಡತಿಯ ಹಾಡು ಕೇಳುವನು. ಇದು ತಪ್ಪಲ್ಲವೇ ಎಂದು ನಾನು ರೇಗಿಸಿದರೆ, “ಇದು ಊರಲ್ಲಿಲ್ವಲ್ಲ ಮಗಾ, ಎಲ್ಲೋ ದೂರ್‌ದಲ್ಲಿ ಐತೆ. ಏನೂ ಆಗಕಿಲ್ಲ,” ಎಂದು ನಗುತ್ತಿದ್ದ.

ಅಗ್ಗದ ಸರ್ವರ್ ಆಗಾಗ ನಿಂತು ಹೋಗುತ್ತಿತ್ತು. ಬೇರೆ ಕಡೆ ಹೋಗೋಣವೆಂದು ಕಾವ್ಯಾ ಅಂಗಲಾಚಿದಾಗಲೆಲ್ಲ, ಕಟ್ಟಿದ ವರ್ಷ ಮುಗಿಯಲಿ ಎನ್ನುತ್ತಿದ್ದ ಉಮಾಶಂಕರ. ಒಂದು ಬೆಳಗ್ಗೆ ನಿಂತದ್ದು ಮತ್ತೆ ಏಳಲೇ ಇಲ್ಲ. ಬರೆದ ಮೇಲ್‌ಗಳಿಗೆ ಉತ್ತರವಿಲ್ಲ. ಕಂಪನಿ ಬಾಗಿಲು ಹಾಕಿಕೊಂಡಿತ್ತು. ಉಮಾಶಂಕರ ತಾನಾಗೇ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

“ಆ ಇನ್ನೊಂದ್ಕೇ ಹೋಗಣ ಕಣಮ್ಮ, ಈಗ್ಲೇ.”

“ಹೋಗಿ ಏನಿಡ್ಲಿ ಸಾರ್?” ಎಂದಳು ಕಾವ್ಯಾ.

ಸಂತೆಯ ದಿನ ಜೋಗಯ್ಯ ಬಂದ. ಈಗೀಗ ಹೆಡ್‌ಫೋನ್ ತಾನೇ ಹಾಕಿಕೊಳ್ಳುತ್ತಿದ್ದ. ಹಾಕಿಕೊಂಡು ಕಾದ. ಕಾವ್ಯಾ ಅವನ ಕಿವಿಯಿಂದ ಅದನ್ನು ಮೆಲ್ಲಗೆ ತೆಗೆದು, ಅಳುತ್ತಲೇ ಎಲ್ಲ ಹೇಳಿದಳು.

“ಕ್ಯಾಸೆಟ್ಟು ಅಗೆದು ತೆಗೆಯಣ್ವಾ ತಾತ?”

ಅವನು ಬೇಡವೆಂದು ತಲೆಯಾಡಿಸಿದ. ಆಮೇಲೆ ಹೆಗಲ ಟವೆಲ್ಲು ತೆಗೆದು, ಮಣ್ಣು ಮಾಡಿದ ದಿನವೂ ಅಳದಿದ್ದ ಮುದುಕ, ಮುಖ ಮುಚ್ಚಿಕೊಂಡ.

“ಅಂಗಾರೆ ಅವ್ಳು ಈಗ ಸತ್ಲು ಬುಡು, ಮಗಾ.”