ಪಂಪ್ ಕೆಟ್ಟಿತ್ತು ಎಂದು ಬರೆದೆ

ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಬಲಗೈ ಹೆಬ್ಬೆರಳು. ಉಗುರು ಯಾವಾಗಲೋ ಸೀಳಿ, ಕಪ್ಪಾಗಿ ಕೂಡಿಕೊಂಡಿತ್ತು. ಚರ್ಮದ ಗೆರೆಗಳಲ್ಲೆಲ್ಲ ಗ್ರೀಸ್ ಇಳಿದಿತ್ತು. ಟ್ರಕ್ ರಿಪೇರಿಯವರು ಸೇರುವ ಒಂದು ಇಂಟರ್ನೆಟ್ ಕಟ್ಟೆಯಲ್ಲಿ ಅವರು ಹಾಕುತ್ತಿದ್ದ ಪ್ರತಿ ಫೋಟೋದಲ್ಲೂ ಆ ಹೆಬ್ಬೆರಳು ಇರುತ್ತಿತ್ತು, ಯಾವುದೋ ಬೋಲ್ಟನ್ನೋ ಪೈಪನ್ನೋ ಒತ್ತಿ ತೋರಿಸುತ್ತ. ಡೆಟ್ರಾಯಿಟ್ ಕಡೆಯವರು, ವಯಸ್ಸಾದವರು ಎಂಬುದಷ್ಟೇ ಗೊತ್ತಿತ್ತು. ನನ್ನ ಹೆಂಡತಿ ಅವರಿಗೆ ‘ಡೆಟ್ರಾಯಿಟ್ ಅಂಕಲ್’ ಎಂದು ಹೆಸರಿಟ್ಟಳು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೈಸೂರಿನ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದವನು. ನರ್ಸ್ ಆಗಿದ್ದ ಹೆಂಡತಿಗೆ ಶಿಕಾಗೊದಲ್ಲಿ ಕೆಲಸ ಸಿಕ್ಕಿದ್ದರಿಂದ ಅವಳ ಜೊತೆ ಬಂದೆ. ಊರಾಚೆ ಲೊಂಬಾರ್ಡಿನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಎಲ್ಲರೂ ಸಾಫ್ಟ್‌ವೇರಿನವರು. “ಅಂಕಲ್, ನೀವು ಯಾವ ಕಂಪನಿ?” ಎಂದು ಅವರು ನನ್ನನ್ನು ಕೇಳಿದರೆ “ನನ್ನದೇ ಕಂಪನಿ, ಹದಿನೆಂಟು ಚಕ್ರದ್ದು” ಎನ್ನುತ್ತಿದ್ದೆ. ಹಳೆಯ ಟ್ರಕ್ಕು, ಆದರೆ ನನ್ನದು. ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳಿಂದ ಲೋಡು ಎತ್ತುತ್ತಿದ್ದೆ. ಬೇರೆ ಮೆಕ್ಯಾನಿಕ್ಕಿಗೆ ಅದರ ಬಾನೆಟ್ ಮುಟ್ಟಲೂ ಬಿಟ್ಟವನಲ್ಲ.

ಆ ಕಟ್ಟೆಯಲ್ಲಿ ಯಾರಾದರೂ ತೊಂದರೆ ಹೇಳಿಕೊಂಡರೆ ಹತ್ತು ಜನ ಹತ್ತು ಉತ್ತರ ಕೊಡುತ್ತಿದ್ದರು. ಅಂಕಲ್ ಉತ್ತರ ಕೊಡುತ್ತಿರಲಿಲ್ಲ, ಕೇಳುತ್ತಿದ್ದರು. “ಇದು ಶುರುವಾಗೋ ಹಿಂದಿನ ದಿನ ನೀನು ಏನು ಮುಟ್ಟಿದ್ದೆ?” ಎಂಬುದು ಯಾರಿಗಾದರೂ ಅವರ ಮೊದಲ ಪ್ರಶ್ನೆ. ಅವರು ಬರೆದದ್ದು ಇಂಗ್ಲಿಷೇ. ನನ್ನ ತಲೆಯಲ್ಲಿ ಕನ್ನಡವಾಗಿ ಉಳಿದದ್ದು ಹೀಗೆ. “ಹಳೇ ಪಾರ್ಟ್ ಎಸೀಬೇಡ, ಅದು ಮಾತಾಡುತ್ತೆ” ಎನ್ನುತ್ತಿದ್ದರು. ಗಾಡಿ ಸರಿಹೋದ ಮೇಲೆ ಏನು ಕೆಟ್ಟಿತ್ತು ಎಂದು ಬಂದು ಬರೆಯುವುದು ಕಟ್ಟೆಯ ಪದ್ಧತಿ. ಬರೆಯದೆ ಜಾರಿಕೊಂಡವನನ್ನು ಅಂಕಲ್ ವಾರಗಟ್ಟಲೆ ಬೆನ್ನಟ್ಟುತ್ತಿದ್ದರು: “ನಿನ್ನ ಗಾಡಿ ಓಡ್ತಾ ಇದೆ, ಸಂತೋಷ. ನನಗೆ ನಿದ್ದೆ ಬರ್ತಿಲ್ಲ. ಏನಾಗಿತ್ತು ಹೇಳಪ್ಪ!”

ರಿಸೆಷನ್ನಿನ ಎರಡನೇ ಚಳಿಗಾಲ. ಯಾರ್ಡುಗಳಲ್ಲಿ ಟ್ರಕ್ಕುಗಳು ಹಿಮ ಹೊತ್ತುಕೊಂಡು ಸಾಲಾಗಿ ನಿಂತಿದ್ದ ದಿನಗಳು. ಹೇಗೋ ಸಿಕ್ಕಿದ್ದ ಒಂದು ಕಾಯಂ ಲೋಡನ್ನು ಸೋಮವಾರ ಎತ್ತದಿದ್ದರೆ ಅದು ಬೇರೆಯವರ ಪಾಲು. ಶುಕ್ರವಾರ ನನ್ನ ಟ್ರಕ್ಕು ಮುನಿಸಿಕೊಂಡಿತು. ಸ್ಟಾರ್ಟಾಗಲು ಗೋಳಾಡುವುದು, ಭಾರ ಬಿದ್ದೊಡನೆ ಉಸಿರು ಬಿಡುವುದು. ಎರಡು ದಿನ ಒದ್ದಾಡಿ, ಕೊನೆಗೆ ಬಿಗುಮಾನ ನುಂಗಿಕೊಂಡು ಕಟ್ಟೆಯಲ್ಲಿ ಬರೆದೆ. ಸ್ಪೆಲಿಂಗ್ ತಿದ್ದಿದವಳು ಹೆಂಡತಿ.

ಹಿಂದಿನ ದಿನ ಏನು ಮುಟ್ಟಿದ್ದೆ ಎಂದು ಅಂಕಲ್ ಕೇಳಿದರು. ಡೀಸೆಲ್ ಫಿಲ್ಟರ್ ಬದಲಿಸಿದ್ದೆ ಎಂದೆ. “ಹಳೇ ಫಿಲ್ಟರಿನ ರಬ್ಬರ್ ರಿಂಗು ಅದರ ಜೊತೆಗೇ ಬಂತಾ?”

ನನಗೆ ಮೈಯುರಿಯಿತು. ಹಳೆಯ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ಸಂದಿಯಿಂದ ಗಾಳಿ ನುಗ್ಗುತ್ತದೆ. ಗ್ಯಾರೇಜಿಗೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು.

“ಇಪ್ಪತ್ತೈದು ವರ್ಷದ ಮೆಕ್ಯಾನಿಕ್‌ಗೆ ಕೇಳೋ ಪ್ರಶ್ನೆಯೇನೇ ಇದು?” ಎಂದೆ.

“ಹೋಗಿ ನೋಡ್ಕೊಂಡು ಬಂದ್ರೆ ನಿಮ್ಮ ಮೀಸೆ ಉದುರಿಹೋಗುತ್ತಾ?” ಎಂದಳು ಹೆಂಡತಿ.

ಯಾರ್ಡಿನ ಕಸದ ಡ್ರಮ್ಮಿನಿಂದ ಹಳೆಯ ಫಿಲ್ಟರ್ ಎತ್ತಿ ನೋಡಿದೆ. ರಿಂಗು ಇರಲಿಲ್ಲ. ಹೊಸ ಫಿಲ್ಟರ್ ಬಿಚ್ಚಿದರೆ ಅದು ಎಂಜಿನ್ನಿನ ಮೇಲೇ ಹಾಯಾಗಿ ಕೂತಿತ್ತು. ಅದನ್ನು ಕಿತ್ತು ತೆಗೆದು ಫಿಲ್ಟರ್ ಮತ್ತೆ ಬಿಗಿದೆ. ಟ್ರಕ್ಕು ಒಂದೇ ಏಟಿಗೆ ಸ್ಟಾರ್ಟ್. ಲೋಡು ಉಳಿಯಿತು.

ಮನೆಗೆ ಬಂದು ಕಟ್ಟೆಯಲ್ಲಿ ಬರೆದೆ: “ರಿಂಗು ಸರಿಯಾಗೇ ಇತ್ತು. ಡೀಸೆಲ್ ಪಂಪ್ ಕೆಟ್ಟಿತ್ತು. ಬದಲಿಸಿದೆ.”

“ಪಂಪಾ? ಅದ್ಯಾವಾಗ ಬದಲಿಸಿದ್ರಿ?” ಹೆಂಡತಿ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು.

“ನೀನು ಸ್ಪೆಲಿಂಗ್ ನೋಡು.”

“ಸ್ಪೆಲಿಂಗ್ ಸರಿಯಾಗಿದೆ. ಅದೊಂದೇ ಸರಿಯಾಗಿರೋದು.”

ಅಂಕಲ್ ಮರುದಿನ ಬರೆದರು: “ಹೌದಾ? ಇದು ನನಗೆ ಹೊಸದು. ಥ್ಯಾಂಕ್ಸ್.”

ತಿಂಗಳೊಂದು ಕಳೆಯಿತು. ಇಂಡಿಯಾನಾದ ಡ್ರೈವರೊಬ್ಬ ಅದೇ ರೋಗ ಹೇಳಿಕೊಂಡು ಬಂದ. ನಾನು ಬರೆದದ್ದನ್ನು ಓದಿ ಆಗಲೇ ಹೊಸ ಪಂಪ್ ಹಾಕಿಸಿದ್ದ, ರೋಗ ಹೋಗಿರಲಿಲ್ಲ. ಇನ್ನು ಸಾಕು, ಗಾಡಿ ಮಾರಿಬಿಡುತ್ತೇನೆ, ಕೊಳ್ಳುವವರಿದ್ದರೆ ತಿಳಿಸಿ ಎಂದಿದ್ದ. ಆ ಕಾಲದಲ್ಲಿ ಟ್ರಕ್ ಮಾರಿದವನು ಮತ್ತೆ ಟ್ರಕ್ ಹತ್ತಿದ್ದನ್ನು ನಾನು ಕಂಡಿಲ್ಲ. ಅದೇ ದಿನ ಅಂಕಲ್ ನನಗೊಬ್ಬನಿಗೇ ಬರೆದರು: “ನಿನ್ನ ಪಂಪ್ ಬಿಚ್ಚಿದಾಗ ಗಾಳಿ ಯಾವ ಕಡೆಯಿಂದ ನುಗ್ಗುತ್ತಿತ್ತು? ಹಳೇ ಪಂಪಿನ ಫೋಟೋ ಇದೆಯಾ?”

ಸಿಕ್ಕಿಬಿದ್ದೆ ಎಂದುಕೊಂಡೆ. ಎಷ್ಟು ನಾಜೂಕಾಗಿ ಬಲೆ ಬೀಸಿದ್ದಾನೆ ಮುದುಕ ಎಂದು ಸಿಟ್ಟೂ ಬಂತು. ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಮೂರನೇ ದಿನ ಬೇಳೆ ತರಲು ಡೆವನ್ ಅವೆನ್ಯೂಗೆ ಹೋಗಿ, ಪಾರ್ಕಿಂಗ್ ಸಿಗದೆ ಸುತ್ತು ಹೊಡೆಯುತ್ತಿದ್ದಾಗ ಹೆಂಡತಿ ಕೇಳಿದಳು, “ಆ ಇಂಡಿಯಾನಾದವನು ಗಾಡಿ ಮಾರಿಬಿಟ್ನಾ?” ಅಷ್ಟೇ ಕೇಳಿದ್ದು. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದವನೇ ಎಲ್ಲರಿಗೂ ಕಾಣುವಂತೆ ಬರೆದೆ. ಪಂಪ್ ಕೆಟ್ಟಿರಲಿಲ್ಲ, ರಿಂಗಿನ ಮೇಲೆ ರಿಂಗು ಹಾಕಿದ್ದೆ, ನಾಚಿಕೆಯಾಗಿ ಸುಳ್ಳು ಬರೆದೆ, ಗಾಡಿ ಮಾರಬೇಡ, ಗಾಳಿ ಎಲ್ಲಿಂದ ಬರುತ್ತಿದೆ ಹುಡುಕು. ಸ್ಪೆಲಿಂಗ್ ತಿದ್ದಲು ಯಾರಿಗೂ ತೋರಿಸಲಿಲ್ಲ. ಇಂಡಿಯಾನಾದವನ ಗಾಡಿಯಲ್ಲಿದ್ದದ್ದು ರಿಂಗಲ್ಲ, ಫಿಲ್ಟರಿನ ಪಕ್ಕದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ನನ್ನನ್ನು ಬಾಯ್ತುಂಬ ಬೈದ, ಗಾಡಿ ಉಳಿಸಿಕೊಂಡ. ಅಂಕಲ್ ಮಾತ್ರ “ಈಗ ಅರ್ಥವಾಯ್ತು” ಎಂದು ಬರೆದು ಸುಮ್ಮನಾದರು.

ಆ ಬೇಸಿಗೆಯಲ್ಲಿ ಡೆಟ್ರಾಯಿಟ್ ಕಡೆಗೊಂದು ಲೋಡು ಸಿಕ್ಕಿತು. ವಿಳಾಸ ಕೇಳಿಕೊಂಡು ಹೋದೆ. ಅವರ ಬೀದಿಯಲ್ಲಿ ಅಲ್ಲಲ್ಲಿ ಖಾಲಿ ಮನೆಗಳು, ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ನಾನೆಣಿಸಿದ್ದಕ್ಕಿಂತ ಗಿಡ್ಡ, ಪ್ಯಾಂಟಿಗೆ ಸಸ್ಪೆಂಡರ್. ನಿಮ್ಮ ಟ್ರಕ್ ಎಲ್ಲಿ ಎಂದೆ.

“ನನ್ನ ಹತ್ರ ಟ್ರಕ್ ಯಾವತ್ತೂ ಇರಲಿಲ್ಲ.”

ನಲವತ್ತು ವರ್ಷ ಬೇರೆಯವರ ಟ್ರಕ್ಕುಗಳನ್ನೇ ರಿಪೇರಿ ಮಾಡಿ, ಕೆಲಸದ ಯಾರ್ಡು ಮುಚ್ಚಿದ ಮೇಲೆ ಮನೆ ಸೇರಿದ್ದರು. ಗ್ಯಾರೇಜಿನ ಗೋಡೆ ತುಂಬ ಶೆಲ್ಫುಗಳು. ಅವುಗಳಲ್ಲಿ ಕೆಟ್ಟ ಪಾರ್ಟುಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಯಾಕೆ ಕೆಟ್ಟಿತು ಎಂದು ಬರೆದಿದ್ದರು. ಬೆಂಚಿನ ಮೇಲಿದ್ದ ಒಂದಕ್ಕೆ ಮಾತ್ರ ಚೀಟಿ ಇರಲಿಲ್ಲ. ನನ್ನ ಎಂಜಿನ್ನಿಗೆ ಹಾಕುವಂಥದೇ ಡೀಸೆಲ್ ಪಂಪು, ಗರಗಸದಲ್ಲಿ ಉದ್ದಕ್ಕೆ ಕೊಯ್ದು ಎರಡು ಹೋಳು ಮಾಡಿಟ್ಟಿತ್ತು.

“ಇದೇನು?”

“ನೀನು ಪಂಪ್ ಅಂತ ಬರೆದ್ಯಲ್ಲ. ಗುಜರಿಯಿಂದ ಒಂದು ತಂದು ಕೊಯ್ದೆ. ಮೂರು ದಿನ ನೋಡಿದ್ರೂ ಗಾಳಿ ಎಲ್ಲಿಂದ ಹೋಗುತ್ತೆ ಅಂತ ಗೊತ್ತಾಗಲಿಲ್ಲ. ಅದಕ್ಕೇ ನಿನ್ನ ಕೇಳಿದ್ದು.”

“ನಾನು ಸುಳ್ಳು ಹೇಳ್ತಿದೀನಿ ಅಂತ ನಿಮಗೆ ಗೊತ್ತಿರಲಿಲ್ವಾ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಹೇಗೆ ಗೊತ್ತಾಗುತ್ತೆ? ಗಾಡಿ ಮುಂದೆ ನಿಂತಿದ್ದವನು ನೀನು. ನಾನು ಇಲ್ಲಿದ್ದೆ.” ಹಾಗೆಂದವರು ಒಂದು ಹೋಳನ್ನೆತ್ತಿ ಬೆಳಕಿಗೆ ಹಿಡಿದು, ಒಳಗೆ ಸ್ಪ್ರಿಂಗು ಹೇಗೆ ಕೂತಿದೆ ನೋಡು, ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು ಎಂದು ಅರ್ಧ ಗಂಟೆ ವಿವರಿಸಿದರು.

ಎರಡು ವರ್ಷದ ನಂತರ ಅವರ ಮಗಳು ಕಟ್ಟೆಯಲ್ಲಿ ಬರೆದಳು, ಅಪ್ಪ ಭಾನುವಾರ ತೀರಿಕೊಂಡರು ಎಂದು. ನನ್ನ ತಪ್ಪು ಹಿಡಿದವರು ಬಹಳ ಮಂದಿ ಇದ್ದಾರೆ. ಮೈಸೂರಿನ ಗ್ಯಾರೇಜಿನ ಮೇಸ್ತ್ರಿ ಸ್ಪ್ಯಾನರಿನಲ್ಲೇ ಹಿಡಿಯುತ್ತಿದ್ದ. ಆದರೆ ನನ್ನಂಥವನ ಮೂರು ಮಾತನ್ನು ನಂಬಿ, ನಲವತ್ತು ವರ್ಷ ತಾವು ತಿಳಿದದ್ದೇ ತಪ್ಪಿರಬಹುದೆಂದು ಗರಗಸ ಹಿಡಿದು ಕೂತವರು ಅವರೊಬ್ಬರೇ.