ರೇಡಾರ್ ನಿಂತ ನೆಲ

ಗಣಿಯ ಗೋಡೆ ಕುಸಿದ ಮೇಲೆ ಹೆಣ ಎಣಿಸುವುದನ್ನೇ ಸುರಕ್ಷತೆ ಎನ್ನುತ್ತಿದ್ದ ಕಾಲದಲ್ಲಿ, ಕುಸಿಯುವ ಮೊದಲೇ ನೆಲದ ಮಿಸುಕಾಟವನ್ನು ಅಳೆದು ಹೇಳುವ ವಿದ್ಯೆಯನ್ನು ಕಾರ್ಮಿಕರ ಪಕ್ಷದಲ್ಲಿ ನಿಂತು ಸಾಧಿಸಿದ ಕೆಲವೇ ತಜ್ಞರಲ್ಲಿ ನಮ್ಮ ರೇಡಾರಮ್ಮನವರು ಅಗ್ರಗಣ್ಯರು. ಅವರ ನಿವೃತ್ತಿಯ ಸಂದರ್ಭದಲ್ಲಿ ಉಪಚಾರದ ಮಾತುಗಳನ್ನು ಆಡಳಿತದವರು ಬೇಕಾದಷ್ಟು ಆಡಿದ್ದಾರೆ. ಕಾರ್ಮಿಕ ಸಂಘದ ಈ ಸಂಪುಟದಲ್ಲಿ ನಡೆದದ್ದನ್ನು ಬರೆಯಬೇಕಾಗಿದೆ.

ಸರ್ವೆ ವಿಭಾಗಕ್ಕೆ ಸಹಾಯಕಿಯಾಗಿ ಸೇರಿದ ಅವರು, ಹೊತ್ತೊಯ್ಯಬಹುದಾದ ರೇಡಾರ್ ಗಣಿಗೆ ಬಂದಾಗ ಅದರ ಹೊಣೆ ಹೊತ್ತರು. ಮೂರು ಕಾಲಿನ ಸ್ಟ್ಯಾಂಡನ್ನು ಊರಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ತಿರುಪು ತಿರುಗಿಸಿ ಎದುರಿನ ಗೋಡೆಗೆ ಗುರಿಯಿಟ್ಟರೆ, ಗೋಡೆ ಕೂದಲೆಳೆಯಷ್ಟು ಜರುಗಿದರೂ ಪರದೆ ಕೆಂಪಾಗುತ್ತಿತ್ತು. ಬಂಡೆಯ ಮೇಲೆ ಕಟ್ಟಿದ ಹಳೆಯ ಪಂಪ್‌ಹೌಸನ್ನೂ ಪರದೆಯೊಳಗೆ ಸೇರಿಸಿಕೊಳ್ಳದೆ ಅವರು ಎಂದೂ ಕೆಲಸ ಶುರುಮಾಡಿದವರಲ್ಲ. ಜರುಗದ ವಸ್ತುವೊಂದು ಎದುರಿಗಿದ್ದರೆ ತಾನೇ ಜರುಗಿದ್ದು ಯಾವುದೆಂದು ತಿಳಿಯುವುದು? ಕಾಲು ಮುರಿದುಕೊಂಡ ಡ್ರಿಲ್ಲರನೊಬ್ಬನನ್ನು ಆಡಳಿತದವರು ಮನೆಗೆ ಅಟ್ಟಲು ಹೊರಟಾಗ, ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಪರದೆ ಓದುವುದನ್ನು ಕಲಿಸಿ ಅವನ ಕೆಲಸ ಉಳಿಸಿದವರೂ ಅವರೇ.

ಒಮ್ಮೆ ಮಾತ್ರ ದಟ್ಟ ಮಂಜು ರೇಡಾರನ್ನು ಏಮಾರಿಸಿತು. ಸೈರನ್ ಕೂಗಿತು, ಗೋಡೆ ಕದಲಲಿಲ್ಲ. ಅಂದಿನಿಂದ ಅವರಿಗೆ ‘ಬೊಬ್ಬೆ ಮೇಡಂ’ ಎಂಬ ಹೆಸರು ಅಂಟಿತು. ಮ್ಯಾನೇಜರರ ಒಪ್ಪಿಗೆಯಿಲ್ಲದೆ ಸೈರನ್ ಒತ್ತಕೂಡದೆಂಬ ಆಜ್ಞೆಯೂ ಹೊರಟಿತು.

ಆ ಬಳಿಕದ ಮಾತಿದು. ವಿದ್ಯುತ್ ಹತ್ತಿರ ಸಿಗುತ್ತದೆಂದು ರೇಡಾರನ್ನು ಗಣಿಯಂಚಿನ ಕ್ಯಾಂಟೀನಿನ ಪಕ್ಕ ನಿಲ್ಲಿಸಲು ಮ್ಯಾನೇಜರರು ಅಪ್ಪಣೆ ಮಾಡಿದರು.

“ಇದು ತಂದು ತುಂಬಿದ ಸಡಿಲ ಮಣ್ಣು ಸಾರ್. ಬಂಡೆ ಮೇಲೆ ಇಡೋಣ,” ಎಂದರು ರೇಡಾರಮ್ಮನವರು.

“ಇಡೀ ಕ್ಯಾಂಟೀನೇ ನಿಂತಿದೆ, ನಿಮ್ಮ ಮೂರು ಕಾಲು ನಿಲ್ಲಲ್ವಾ?”

ಅಂದು ಊಟದ ಹೊತ್ತಿಗೆ ಪರದೆ ಕೆಂಪಾಯಿತು. ಗೋಡೆ, ಬಂಡೆ, ಪಂಪ್‌ಹೌಸ್ ಎಲ್ಲವೂ ಒಟ್ಟಿಗೇ, ಒಂದೇ ಅಳತೆಯಲ್ಲಿ ಹತ್ತಿರ ಬರುತ್ತಿದ್ದವು. ಮ್ಯಾನೇಜರರು ನಕ್ಕರು. “ಮಷೀನಿಗೆ ತಲೆ ತಿರುಗ್ತಿದೆ ಮೇಡಂ. ಆಫ್ ಮಾಡಿ ಆನ್ ಮಾಡಿ.”

ರೇಡಾರಮ್ಮನವರು ಬಗ್ಗಿ ರಸಮಟ್ಟ ನೋಡಿದರು. ಗುಳ್ಳೆ ಪಕ್ಕಕ್ಕೆ ಸರಿದಿತ್ತು. ಸರಿಪಡಿಸಿದರು, ನೋಡುತ್ತಿದ್ದಂತೆಯೇ ಮತ್ತೆ ಸರಿಯಿತು. ತಿರುಪುಗಳನ್ನು ಒಂದೊಂದಾಗಿ ತಡಕಿದರು, ಎಲ್ಲವೂ ಬಿಗಿಯಾಗಿದ್ದವು. ಇದೂ ಸುಳ್ಳಾದರೆ ಕೆಲಸ ಹೋಗುತ್ತದೆ, ಇನ್ನೆಂದೂ ಅವರ ಸೈರನ್ನಿಗೆ ಯಾರೂ ಓಡಿಬರುವುದಿಲ್ಲ. ನಿಜವಾದರೆ? ಬೆನ್ನ ಹಿಂದೆ ತಟ್ಟೆಗಳ ಸದ್ದು. ಒಳಗೆ ಒಲೆಯ ಮುಂದೆ ಸ್ವಂತ ತಂಗಿ.

“ಎಲ್ಲಾ ಒಟ್ಟಿಗೆ ನಮ್ಮ ಕಡೆ ಬರೋಕೆ ಅದೇನು ಮೆರವಣಿಗೆನಾ ಸಾರ್? ಅವು ಬರ್ತಿಲ್ಲ, ನಾವೇ ಹೋಗ್ತಿದೀವಿ. ಜಾರ್ತಿರೋದು ಈ ನೆಲ!”

“ಊಟ ಮುಗೀಲಿ, ಆಮೇಲೆ ನೋಡೋಣ.”

ಅವರು ಒಪ್ಪಿಗೆಗೆ ಕಾಯಲಿಲ್ಲ. ಸೈರನ್ ಒತ್ತಿ ಬಾಗಿಲಿಗೆ ಓಡಿದರು.

“ಬೊಬ್ಬೆ ಮೇಡಂ, ಕೈಯಾದ್ರೂ ತೊಳೀಲಾ?” ಎಂದು ಒಳಗಿನಿಂದ ಯಾರೋ ಕಿಚಾಯಿಸಿದರು.

“ತಟ್ಟೆ ಸಮೇತ ಬನ್ರೋ! ಆಮೇಲೆ ಎಷ್ಟಾದ್ರೂ ಬೈಯಿರಿ!”

ಗೊಣಗುತ್ತಾ, ಬೈಯುತ್ತಾ ಎಲ್ಲರೂ ಹೊರಬಂದರು. ತಂಗಿಯೊಬ್ಬಳು ಬರಲಿಲ್ಲ.

“ಅಕ್ಕಾ, ಹಾಲು ಉಕ್ಕುತ್ತೆ ಕಣೇ!”

“ಉಕ್ಕಿ ಹಾಳಾಗ್ಲಿ, ಬಾರೇ!” ಎಂದು ರಟ್ಟೆ ಹಿಡಿದು ಎಳೆದು ತಂದರು.

ಅಂಚಿನಿಂದ ದೂರದ ಬಂಡೆಯ ಮೇಲೆ ನಿಂತು ಎಲ್ಲರೂ ಕಾದರು. ಬಹಳ ಹೊತ್ತು ಏನೂ ಆಗಲಿಲ್ಲ. ನಗೆಚಾಟಿಕೆ ಶುರುವಾಯಿತು; ಕೆಲವರು ತಟ್ಟೆ ಹಿಡಿದು ಹಿಂದಿರುಗಲು ಹೊರಟರು. ರೇಡಾರಮ್ಮನವರು ದಾರಿಗೆ ಅಡ್ಡ ಕುಳಿತುಬಿಟ್ಟರು. ಆಗ ಕ್ಯಾಂಟೀನಿನ ಹೆಂಚುಗಳು ತಾವಾಗಿಯೇ ಉದುರತೊಡಗಿದವು. ಅಡುಗೆಕೋಣೆ ಬಾಯಿಬಿಟ್ಟಿತು. ರೇಡಾರ್, ಒಲೆ, ಬೆಂಚು ಎಲ್ಲವೂ ಅಂಚಿನ ಮಣ್ಣಿನೊಡನೆ ಗಣಿಯೊಳಗೆ ಇಳಿದುಹೋದವು. ಕೈಯಲ್ಲಿದ್ದ ಅನ್ನವನ್ನು ಬಾಯಿಗಿಡುವುದನ್ನು ಮರೆತು ಎಲ್ಲರೂ ನಿಂತಿದ್ದರು.

ಒಂದು ಜೀವವೂ ಹೋಗಲಿಲ್ಲ. ಅದಕ್ಕಾಗಿ ಮ್ಯಾನೇಜರರಿಗೆ ಸುರಕ್ಷತೆಯ ಪ್ರಶಸ್ತಿ ಬಂತು. ಅಪ್ಪಣೆ ಮೀರಿದ್ದಕ್ಕೆ ರೇಡಾರಮ್ಮನವರಿಗೆ ನೋಟಿಸು ಬಂತು; ಹೊಸ ರೇಡಾರಿನ ಜೊತೆಗೆ ಸೈರನ್ ಪೆಟ್ಟಿಗೆಗೆ ಬೀಗವೂ ಬಂತು. ಆ ಬೀಗ ಈ ಸಾಲುಗಳು ಅಚ್ಚಾಗುವಾಗಲೂ ಅಲ್ಲೇ ಇದೆ, ಕೀಲಿ ಮ್ಯಾನೇಜರರ ಜೇಬಿನಲ್ಲಿದೆ, ಗೋಡೆಯ ಕೆಳಗೆ ನಮ್ಮವರು ಅಗೆಯುತ್ತಿದ್ದಾರೆ.

ರೇಡಾರಮ್ಮನವರು ನೂರ್ಕಾಲ ಬಾಳಲಿ. ಆ ಬೀಗವನ್ನು ತೆಗೆಸುವ ನಮ್ಮ ಹೋರಾಟದಲ್ಲಿ ಇನ್ನು ಮುಂದೆಯೂ ಮುಂಚೂಣಿಯಲ್ಲಿ ನಡೆಯಲಿ. ಅಲ್ಲಿಯವರೆಗಿನ ಏರ್ಪಾಟನ್ನು ಅವರೇ ಮಾಡಿಹೋಗಿದ್ದಾರೆ: ಈಗ ಪರದೆಯ ಮುಂದೆ ಕೂರುವ ತಮ್ಮ ಶಿಷ್ಯೆಯ ಕೈಗೆ, ಕೊನೆಯ ದಿನ, ಒಂದು ಸುತ್ತಿಗೆ ಕೊಟ್ಟಿದ್ದಾರೆ.